ಪುನರ್ಪುಳಿಗೆ ಜಾಹೀರಾತು: ಮೊದಲು ಲೆಕ್ಕ, ಅನಂತರ ಹಣ

ಎಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಬದಿಯಡ್ಕ, ಪೆರ್ಲದ ಕಡೆ ಪುನರ್ಪುಳಿ ಮರಗಳ ಕೆಳಗೆ ಹಣ್ಣು ಉದುರಿ ಹಾಸಿಕೊಂಡಿರುತ್ತದೆ. ಸಿಪ್ಪೆ ಒಣಗಿಸಲು ಸಿಗುವ ಬಿಸಿಲು ಕೆಲವೇ ದಿನ. ಮಳೆ ಹಿಡಿಯಿತೆಂದರೆ ಉಳಿದದ್ದು ಮಣ್ಣುಪಾಲು. ಒಣಸಿಪ್ಪೆಯ ಕ್ರಯ ಆಳಿನ ಮಜೂರಿಗೆ ಸಾಲದೆಂದು ಅನೇಕರು ಹೆಕ್ಕುವುದನ್ನೇ ಬಿಟ್ಟಿರುವರು. ಪಾಕ ಮಾಡಿ ಕುಪ್ಪಿಗೆ ತುಂಬಿಸಿ ನೇರವಾಗಿ ಗಿರಾಕಿಗೆ ಮಾರಿದರೆ ನಾಲ್ಕು ಕಾಸು ಉಳಿಯುವುದು ನಿಜ. ಆದರೆ ನಾವಿರುವುದು ಗಿರಾಕಿಗೆ ತಿಳಿಯುವುದು ಹೇಗೆ?

ಹಣ ಕೊಟ್ಟು ಗೂಗಲಿನಲ್ಲಿ ಜಾಹೀರಾತು ಹಾಕಿರಿ ಎಂಬ ಉಪದೇಶ ಈಗ ಎಲ್ಲ ಕಡೆಯಿಂದಲೂ ಬರುತ್ತಿದೆ. ನಾವೂ ಹಾಕಿದೆವು. ಮೊದಲ ಹದಿನೈದು ದಿನಗಳಲ್ಲಿ 2,400 ರೂಪಾಯಿ ಖರ್ಚಾಯಿತು. ಮಾರಾಟವಾದುದು ನಾಲ್ಕು ಕುಪ್ಪಿ. ತಪ್ಪು ಪೂರ್ತಿ ನಮ್ಮದು. ಮಕ್ಕಳಿಗೆ ಪ್ರಶ್ನೆಯನ್ನು ಎರಡು ಸಲ ಓದಿ ಉತ್ತರ ಬರೆಯಿರಿ ಎನ್ನುವ ನಾವು, ಅಲ್ಲಿ ಕೇಳಿದ್ದನ್ನು ಒಂದು ಸಲವೂ ಸರಿಯಾಗಿ ಓದಿರಲಿಲ್ಲ.

ಈ ಜಾಹೀರಾತಿನ ಬಗೆ ಪತ್ರಿಕೆಯ ಜಾಹೀರಾತಿನಂತಲ್ಲ. ಯಾರಾದರೂ ಒಂದು ಮಾತನ್ನು ಹುಡುಕಿದಾಗಲೆಲ್ಲ ಆ ಕ್ಷಣದಲ್ಲಿಯೇ ಒಂದು ಏಲಂ ನಡೆಯುತ್ತದೆ. ಮಾತಿಗೆ ಕೂಗಿದ ಮೊತ್ತ ಮಾತ್ರವಲ್ಲ, ನಮ್ಮ ಜಾಹೀರಾತೂ ಅದು ತೆರೆದು ತೋರಿಸುವ ಪುಟವೂ ಹುಡುಕಿದವನಿಗೆ ಎಷ್ಟು ಉಪಯುಕ್ತ ಎಂಬುದೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಕಣ್ಣಿಗೆ ಬಿದ್ದುದಕ್ಕೆ ಹಣವಿಲ್ಲ; ಒತ್ತಿದರೆ, ಅಂದರೆ ಕ್ಲಿಕ್ ಮಾಡಿದರೆ, ಹಣ. ಆದುದರಿಂದ ಕೊಳ್ಳುವ ಮನಸ್ಸಿಲ್ಲದವನು ಒತ್ತಿದಷ್ಟೂ ನಮಗೆ ನಷ್ಟವೇ.

ಎಲ್ಲಕ್ಕಿಂತ ಮುಖ್ಯವಾದುದು ಮಾತಿನ ಆಯ್ಕೆ. ಹಣ್ಣು ಒಂದೇ, ನಮ್ಮಲ್ಲಿ ಅದು ಪುನರ್ಪುಳಿ, ಉತ್ತರ ಕನ್ನಡದಲ್ಲಿ ಮುರುಗಲು, ಮರಾಠಿಯಲ್ಲಿ ಕೋಕಮ್. ಬೆಂಗಳೂರಿನ ಅಂಗಡಿಯಲ್ಲಿಯೂ ಕೋಕಮ್ ಎಂದರೇ ತಿಳಿಯುವುದು ಹೆಚ್ಚು. ಮಲೆಯಾಳದ ಕುಡಂಪುಳಿ ಮಾತ್ರ ಬೇರೆ. ಅದು ನಮ್ಮ ಉಪ್ಪಾಗೆ, ಮೀನಿನ ಸಾರಿಗೆ ಹಾಕುವ ಹುಳಿ. ಉತ್ಸಾಹದಲ್ಲಿ ನಾವು ಅದನ್ನೂ ಸೇರಿಸಿದ್ದೆವು. ಮೀನಿನ ಸಾರಿಗೆ ಹುಳಿ ಹುಡುಕಿದವರು ಬಂದು, ಶರಬತ್ತಿನ ಕುಪ್ಪಿ ಕಂಡು ಹಿಂದಿರುಗಿದರು. ಒಬ್ಬೊಬ್ಬರಿಗೂ ನಾವು ಸುಮಾರು 6 ರೂಪಾಯಿ ತೆತ್ತೆವು.

ಇದಲ್ಲದೆ, ನಾವು ಬೇರೇನನ್ನೂ ಹೇಳದಿದ್ದರೆ ಕೊಟ್ಟ ಮಾತು ‘ಬ್ರಾಡ್ ಮ್ಯಾಚ್’ ಎಂಬ ಕ್ರಮಕ್ಕೆ ಸೇರುತ್ತದೆ. ಅಂದರೆ ಅದಕ್ಕೆ ಸಂಬಂಧಿಸಿದ ಯಾವ ಹುಡುಕಾಟಕ್ಕೂ ನಮ್ಮ ಜಾಹೀರಾತು ಹೋಗಬಹುದು. ಹೊಸಬರು ‘ಫ್ರೇಸ್’ ಅಥವಾ ‘ಎಕ್ಸ್ಯಾಕ್ಟ್’ ಕ್ರಮವನ್ನು ಆರಿಸಿಕೊಳ್ಳುವುದೇ ಕ್ಷೇಮ. ಜನರು ಏನನ್ನು ಹುಡುಕಿ ನಮ್ಮಲ್ಲಿಗೆ ಬಂದರೆಂಬ ಪಟ್ಟಿ ‘ಸರ್ಚ್ ಟರ್ಮ್ಸ್’ ಎಂಬಲ್ಲಿ ಬಹುಮಟ್ಟಿಗೆ ಸಿಗುತ್ತದೆ. ನಮ್ಮ ಪಟ್ಟಿಯಲ್ಲಿ ಪುನರ್ಪುಳಿ ಸಾರು ಮಾಡುವ ವಿಧಾನ, ಪುನರ್ಪುಳಿ ಸಸಿ, ಪಿತ್ತಕ್ಕೆ ಮದ್ದು, ಇವೇ ತುಂಬಿದ್ದವು. ಇಂತಹ ಹುಡುಕಾಟಗಳನ್ನು ತಡೆಯಲು ‘ನೆಗೆಟಿವ್ ಕೀವರ್ಡ್’ ಎಂಬ ಬೇಲಿಯುಂಟು. ಆದರೆ ಈ ಬೇಲಿಗೆ ಸಮಾನಾರ್ಥ ತಿಳಿಯುವುದಿಲ್ಲ. ರೆಸಿಪಿ ಬೇಡವೆಂದರೆ ವಿಧಾನ ಒಳಗೆ ನುಗ್ಗುತ್ತದೆ. ನಮ್ಮಂತಹ ಗಡಿನಾಡಿನವರು ಬೇಡದ ಮಾತನ್ನು ಕನ್ನಡದಲ್ಲಿ, ಮಲೆಯಾಳದಲ್ಲಿ, ಇಂಗ್ಲಿಷ್ ಲಿಪಿಯ ಕನ್ನಡದಲ್ಲಿ ಬೇರೆ ಬೇರೆಯಾಗಿಯೇ ಬರೆಯತಕ್ಕದ್ದು. ಒಂದು ಸಂಜೆ ಕುಳಿತು ನಾವು ಎಪ್ಪತ್ತಕ್ಕೂ ಹೆಚ್ಚು ಮಾತುಗಳನ್ನು ಬರೆದೆವು. ಎರಡು ವಾರಗಳಲ್ಲಿ ಬರುವವರ ಸಂಖ್ಯೆ ಕಡಿಮೆಯಾಯಿತು, ಕೊಳ್ಳುವವರ ಸಂಖ್ಯೆ ಹೆಚ್ಚಿತು.

ಸ್ಥಳದ ವಿಷಯವೂ ಹಾಗೆಯೇ. ನಮ್ಮ ವಿಳಾಸ ಕೇರಳದ್ದು, ಗಿರಾಕಿಗಳು ತಲಪಾಡಿಯಿಂದ ಆಚೆಯವರು. ಕೇರಳವೆಂದು ಗುರುತು ಹಾಕಿದರೆ ಮಂಗಳೂರು ತಪ್ಪುತ್ತದೆ. ನಕ್ಷೆಯ ಮೇಲೆ 60 ಕಿಲೋಮೀಟರಿನ ವೃತ್ತ ಎಳೆದು ನೋಡಿದೆವು; ದೊಡ್ಡದೊಂದು ಪಾಲು ಅರಬ್ಬೀ ಸಮುದ್ರದಲ್ಲಿ ಬಿದ್ದಿತು. ಕೊನೆಗೆ ಮಂಗಳೂರು, ಪುತ್ತೂರು, ಬೆಂಗಳೂರು ಎಂದು ಊರುಗಳನ್ನೇ ಆರಿಸಿದೆವು. ಆ ಊರಿನಲ್ಲಿ ಇರುವವರಿಗೆ ಮಾತ್ರವೋ, ಊರಿನ ಬಗ್ಗೆ ಆಸಕ್ತಿ ತೋರಿಸಿದವರಿಗೂ ಸೇರಿಯೋ ಎಂಬ ಆಯ್ಕೆ ಅಲ್ಲಿಯೇ ಕೆಳಗೆ ಇರುತ್ತದೆ, ಮೊದಲನೆಯದನ್ನು ಹಿಡಿಯಬೇಕು. ‘ಡಿಸ್‌ಪ್ಲೇ ನೆಟ್‌ವರ್ಕ್’ ಎಂಬಲ್ಲಿ ಗುರುತು ಇದ್ದರೆ ತೆಗೆಯಬೇಕು.

ಈಗ ಹಣದ ಲೆಕ್ಕ. ಕುಪ್ಪಿಗೆ 220 ರೂಪಾಯಿ ಕ್ರಯ; ಸಕ್ಕರೆ, ಗಾಜು, ಮಜೂರಿ ಕಳೆದು ನಮಗೆ ಉಳಿಯುವುದು 80. ಒಂದು ಒತ್ತಿಗೆ 6 ರೂಪಾಯಿಯಂತೆ ಇಪ್ಪತ್ತೈದು ಜನ ಒತ್ತಿ ಅವರಲ್ಲಿ ಒಬ್ಬರು ಕೊಂಡರೆ ಜಾಹೀರಾತಿಗೇ 150 ರೂಪಾಯಿ ಹೋಯಿತು. ಅದರ ಮೇಲೆ ಶೇಕಡಾ 18ರಂತೆ ಜಿ.ಎಸ್.ಟಿ. 27 ರೂಪಾಯಿ. ಒಂದು ಕುಪ್ಪಿ ಮಾರಿದರೆ 97 ರೂಪಾಯಿ ಕೈಯಿಂದ ನಷ್ಟ. ಹೆಚ್ಚು ಮಾರಿದಷ್ಟೂ ಹೆಚ್ಚು ನಷ್ಟ! ಮೂರು ಕುಪ್ಪಿಗಳ ಕಟ್ಟು ಮಾತ್ರ ಮಾರುವುದೆಂದು ನಿರ್ಧರಿಸಿದ ಮೇಲೆ 63 ರೂಪಾಯಿ ಉಳಿಯತೊಡಗಿತು. ಕಟ್ಟಿನ ಕ್ರಯವನ್ನು ಜಾಹೀರಾತಿನಲ್ಲಿಯೇ ಬರೆದೆವು. ಶಿರೋನಾಮೆಗೆ 30 ಅಕ್ಷರಗಳ ಮಿತಿಯಿದ್ದರೂ ಅದಕ್ಕೆ ಸ್ಥಳ ಸಾಕು. ಕ್ರಯ ಕಂಡು ಹಿಂಜರಿಯುವವರು ಒತ್ತದೆ ಹೋಗುವುದೇ ಒಳ್ಳೆಯದು.

ದಿನಕ್ಕೆ 100 ರೂಪಾಯಿ ಎಂದು ಗೊತ್ತುಮಾಡಿದರೆ ಕೆಲವು ದಿನ 200ರ ವರೆಗೂ ಹೋಗಬಹುದು. ತಿಂಗಳಿಗೆ 3,040 ಮೀರುವುದಿಲ್ಲ. ಇದನ್ನು ತಿಳಿಯದೆ ನಾವು ಒಂದು ರಾತ್ರಿ ನಿದ್ದೆಗೆಟ್ಟೆವು.

ವಸ್ತು ಒಳ್ಳೆಯದಾದರೆ ಜಾಹೀರಾತೇಕೆ ಎಂದು ಹಿರಿಯರು ಕೇಳುತ್ತಾರೆ. ಬಲ್ಲವರ ಮಟ್ಟಿಗೆ ಅದು ಸರಿ. ಪುತ್ತೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲಸಿದವರಿಗೆ ಬೇಸಗೆಯ ಒಂದು ರಾತ್ರಿ ಪುನರ್ಪುಳಿಯ ನೆನಪಾದರೆ, ಅವರಿಗೆ ನಮ್ಮ ಮನೆಯ ದಾರಿಯನ್ನು ತೋರಿಸುವವರು ಯಾರು? ಆದುದರಿಂದ ಜಾಹೀರಾತು ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ಅದನ್ನು ಆರಂಭದಲ್ಲಿಯೇ ಪರರ ಕೈಗೆ ಒಪ್ಪಿಸಬಾರದೆಂದಷ್ಟೇ ನಾವು ಹೇಳುವುದು. ತಿಂಗಳಿಗೆ ಇಂತಿಷ್ಟು ಕೊಡಿರಿ, ಎಲ್ಲವನ್ನೂ ನೋಡಿಕೊಳ್ಳುತ್ತೇವೆ ಎನ್ನುವವರು ಪೇಟೆಯಲ್ಲಿ ಇದ್ದಾರೆ. ಅಂತಹ ಒಬ್ಬರು ನಮಗೆ ತೋರಿಸಿದ ವರದಿಯಲ್ಲಿ ಎಷ್ಟು ಜನ ನೋಡಿದರು, ಎಷ್ಟು ಜನ ಒತ್ತಿದರು ಎಂಬುದಿತ್ತು, ಕುಪ್ಪಿಗಳ ಲೆಕ್ಕವಿರಲಿಲ್ಲ. ಒಂದು ಹಂಗಾಮಾದರೂ ಸ್ವತಃ ಮಾಡಿ ನೋಡಿದವನಿಗೆ ಅಂತಹ ವರದಿಯನ್ನು ಪ್ರಶ್ನಿಸುವ ಶಕ್ತಿ ಬರುತ್ತದೆ. ಮುಂದೆ ಯಾರಿಗಾದರೂ ವಹಿಸಿದರೂ ಖಾತೆ ನಮ್ಮ ಹೆಸರಿನಲ್ಲಿಯೇ ಇರಬೇಕು.

ಫೋನು ಮಾಡಿದವರನ್ನೆಲ್ಲ ಎಲ್ಲಿ ನೋಡಿ ತಿಳಿದಿರಿ ಎಂದು ಕೇಳಿ ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತ ಬಂದೆವು. ಜೂನ್ ಎರಡನೆಯ ವಾರ ಕೊನೆಯ ಕಟ್ಟು ಹೊರಟ ಸಂಜೆಯೇ ಜಾಹೀರಾತನ್ನು ನಿಲ್ಲಿಸಿದೆವು. ನೆರೆಯ ತೋಟದವರೊಬ್ಬರು ನಿಲ್ಲಿಸಲು ಮರೆತಿದ್ದರು. ಅವರ ಉಗ್ರಾಣ ಬರಿದಾಗಿ ಒಂಬತ್ತು ದಿನಗಳಾದರೂ ಗಿರಾಕಿಗಳು ಒತ್ತುತ್ತಲೇ ಇದ್ದರು.