ಚಕ್ರದ ಮೇಲಿನ ಮನೆಯ ಬಚ್ಚಲು

ಮಗಳ ಬಾಣಂತನಕ್ಕೆಂದೋ ಮಗನ ಹೊಸ ಮನೆ ನೋಡಲೆಂದೋ ಅಮೆರಿಕಕ್ಕೆ ಹೋಗಿಬಂದ ಹಿರಿಯರು ತೋರಿಸುವ ಚಿತ್ರಗಳಲ್ಲಿ ಕೆಲವೊಮ್ಮೆ ಬಿಳಿಯ ಡಬ್ಬಿಯಂಥ ಗಾಡಿಯೊಂದು ನಿಂತಿರುತ್ತದೆ. ಅದಕ್ಕೆ ಎಂಜಿನ್ ಇಲ್ಲ, ಸ್ಟೀರಿಂಗ್ ಇಲ್ಲ. ಪಿಕಪ್ ಟ್ರಕ್ಕಿನ ಹಿಂದೆ ಸಿಕ್ಕಿಸಿ ಎಳೆದೊಯ್ಯುವ ಮನೆ. ಹೆಸರು ಟ್ರಾವೆಲ್ ಟ್ರೇಲರ್. ಒಳಗೆ ಮಂಚ, ಗ್ಯಾಸ್ ಒಲೆ, ಫ್ರಿಜ್ಜು, ಸಿಂಕು, ಷವರು, ಮೂಲೆಯಲ್ಲೊಂದು ಕಮೋಡು. ‘ಎಲ್ಲಾ ಇದೆ ಕಣ್ರೀ ಅದರೊಳಗೆ’ ಎಂದು ಅವರು ಬೆರಗಿನಿಂದ ಹೇಳುತ್ತಾರೆ. ಎಲ್ಲ ಇರುವುದೇನೋ ಸರಿ. ಆದರೆ ಊರಿನ ಒಳಚರಂಡಿ ಮನೆಯ ಹಿಂದೆಯೇ ಓಡಿ ಬರುವುದಿಲ್ಲವಲ್ಲ. ಪಾತ್ರೆ ತೊಳೆದ, ಮಿಂದ, ಫ್ಲಶ್ ಮಾಡಿದ ನೀರು ಎಲ್ಲಿಗೆ ಹೋಗುತ್ತದೆ?

ಎಲ್ಲಿಗೂ ಹೋಗುವುದಿಲ್ಲ. ಮಲಗಿದವರ ಮಂಚದಿಂದ ಕೆಲವೇ ಅಡಿ ಕೆಳಗೆ, ಟ್ರೇಲರಿನ ತಳದಲ್ಲೇ ಕೂತಿರುತ್ತದೆ.

ಆ ತಳದಲ್ಲಿ ಪ್ಲಾಸ್ಟಿಕ್ಕಿನ ಮೂರು ಟ್ಯಾಂಕುಗಳಿರುತ್ತವೆ. ಒಂದು ಶುದ್ಧ ನೀರಿನದು. ಇನ್ನೊಂದು ಸಿಂಕು ಮತ್ತು ಷವರಿನ ಬಚ್ಚಲ ನೀರಿಗೆ. ಅದನ್ನು ಅಲ್ಲಿನವರು ಬೂದು ಟ್ಯಾಂಕ್ ಎನ್ನುತ್ತಾರೆ. ಮೂರನೆಯದು ಕಮೋಡಿನ ನೇರ ಕೆಳಗಿರುವ ಕಪ್ಪು ಟ್ಯಾಂಕ್. ಅದರಲ್ಲೇನಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಸಾಧಾರಣ ಗಾತ್ರದ ಟ್ರೇಲರಿನಲ್ಲಿ ಒಂದೊಂದು ಟ್ಯಾಂಕೂ 30ರಿಂದ 40 ಗ್ಯಾಲನ್, ಎಂದರೆ ಸುಮಾರು 115ರಿಂದ 150 ಲೀಟರ್ ಹಿಡಿಯುತ್ತದೆ. ನಾಲ್ಕು ಜನ ಷವರಿನ ಕೆಳಗೆ ಹಾಡು ಹೇಳುತ್ತ ನಿಂತರೆ ಬೂದು ಟ್ಯಾಂಕ್ ಒಂದೇ ದಿನಕ್ಕೆ ತುಂಬುತ್ತದೆ. ನಮ್ಮ ಬಕೆಟ್ಟು-ಚೊಂಬಿನ ಸ್ನಾನ ಅಭ್ಯಾಸವಾದವರೇ ಇಲ್ಲಿ ಜಾಣರು. ತೂಕವೂ ಇದೆ. 150 ಲೀಟರ್ ನೀರೆಂದರೆ 150 ಕಿಲೋ. ಎರಡೂ ಟ್ಯಾಂಕ್ ತುಂಬಿಸಿಕೊಂಡು ಹೊರಟರೆ ಕಾಣದ ನಾಲ್ಕು ಪ್ರಯಾಣಿಕರನ್ನು ಎಳೆದಂತೆ.

ಎರಡು ಕೊಳೆ ಟ್ಯಾಂಕುಗಳಿಗೂ ಒಂದೊಂದು ವಾಲ್ವ್. ನಲ್ಲಿಯಂತೆ ತಿರುಗಿಸುವಂಥದ್ದಲ್ಲ, ಹಿಡಿ ಹಿಡಿದು ಎಳೆದರೆ ಒಳಗಿನ ತೆಳು ಹಲಗೆ ಪಕ್ಕಕ್ಕೆ ಜಾರಿ ದಾರಿ ಬಿಡುತ್ತದೆ. ನಮ್ಮ ಕೆರೆಯ ತೂಬು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಕಪ್ಪು ಟ್ಯಾಂಕಿನ ತೂಬು ಸಾಮಾನ್ಯವಾಗಿ ಮೂರು ಇಂಚಿನದು, ಬೂದಿನದು ಒಂದೂವರೆ ಇಂಚು. ಎರಡೂ ಕೂಡಿ ಒಂದೇ ಬಾಯಿಯಲ್ಲಿ ಹೊರಬರುತ್ತವೆ, ಬಾಯಿಗೊಂದು ಮುಚ್ಚಳ. ಖಾಲಿ ಮಾಡುವಾಗ ಮುಚ್ಚಳ ತೆಗೆದು, ದಪ್ಪ ಹೋಸ್ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಚರಂಡಿಯ ತೂತಿಗಿಟ್ಟು ತೂಬು ಎಳೆಯಬೇಕು. ಇದಕ್ಕೆಂದೇ ಕ್ಯಾಂಪಿನ ಮೈದಾನಗಳಲ್ಲಿ, ಕೆಲವು ಹೆದ್ದಾರಿ ತಂಗುದಾಣಗಳಲ್ಲಿ ಡಂಪ್ ಸ್ಟೇಷನ್‌ಗಳಿರುತ್ತವೆ.

ಹೊಸಬರು ಎಡವುವುದು ಇಲ್ಲೇ. ದೊಡ್ಡ ಕ್ಯಾಂಪುಗಳಲ್ಲಿ ಪ್ರತಿ ಟ್ರೇಲರಿನ ಪಕ್ಕದಲ್ಲೂ ಒಂದು ಚರಂಡಿ ತೂತು ಇರುತ್ತದೆ. ವಾರಗಟ್ಟಲೆ ಪೈಪು ಸಿಕ್ಕಿಸಿಯೇ ಇಡಬಹುದು. ಹಾಗಿದ್ದಮೇಲೆ ಹೊಲಸನ್ನು ಮನೆಯಡಿ ಕೂಡಿಡುವುದೇಕೆ, ಎರಡೂ ತೂಬು ತೆರೆದಿಟ್ಟರೆ ಆಗಿಂದಾಗ್ಗೆ ಹರಿದು ಹೋಗುತ್ತದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಬಚ್ಚಲ ನೀರಿನ ಮಟ್ಟಿಗೆ ಅದು ನಡೆದೀತು. ಕಪ್ಪು ಟ್ಯಾಂಕಿನ ಮಟ್ಟಿಗೆ ಅದರಂಥ ಅವಿವೇಕ ಇನ್ನೊಂದಿಲ್ಲ. ತೆರೆದ ತೂಬಿನಲ್ಲಿ ನೀರು ಮಾತ್ರ ಸದ್ದಿಲ್ಲದೆ ಹರಿದು ಹೋಗುತ್ತದೆ. ಗಟ್ಟಿಯಾದದ್ದು, ಅದರ ಜೊತೆಗಿನ ಕಾಗದ, ಕಮೋಡಿನ ಕೆಳಗೆ ಬಿದ್ದಲ್ಲೇ ಉಳಿದು, ಒಣಗಿ, ದಿನದಿನಕ್ಕೂ ಮೇಲೇರುತ್ತದೆ. ಕ್ಯಾಂಪಿನವರು ಇದಕ್ಕೆ ಪಿರಮಿಡ್ ಎಂದೇ ಹೆಸರಿಟ್ಟಿದ್ದಾರೆ. ಈಜಿಪ್ಟಿನದರಂತೆ ಇದೂ ಸುಲಭಕ್ಕೆ ಕರಗುವುದಿಲ್ಲ.

ಆದ್ದರಿಂದ ಕಪ್ಪು ತೂಬು ಸದಾ ಮುಚ್ಚಿರಬೇಕು. ಟ್ಯಾಂಕು ಕನಿಷ್ಠ ಮೂರರಲ್ಲಿ ಎರಡು ಪಾಲಾದರೂ ತುಂಬಿದ ಮೇಲೆ ಒಮ್ಮೆಗೇ ಪೂರ್ತಿ ಎಳೆಯಬೇಕು. ತುಂಬಿದ ಕೆರೆಯ ತೂಬೆತ್ತಿದಾಗ ನೀರು ಹೊರಡುತ್ತದಲ್ಲ, ಆ ರಭಸವೇ ಹೂಳನ್ನೂ ಹೊತ್ತೊಯ್ಯುವುದು. ಮೊದಲು ಕಪ್ಪು, ಆಮೇಲೆ ಬೂದು. ಸೋಪಿನ ನೀರು ಹಿಂದಿನಿಂದ ಬಂದು ಪೈಪನ್ನು ತೊಳೆಯುತ್ತದೆ. ಕೊನೆಗೆ ತೂಬು ಮುಚ್ಚಿ, ಖಾಲಿ ಕಪ್ಪು ಟ್ಯಾಂಕಿಗೆ ಹತ್ತು ಹದಿನೈದು ಲೀಟರ್ ನೀರು ಬಿಟ್ಟೇ ಮುಂದಿನ ಪಯಣ. ತಮಾಷೆ ನೋಡಿ, ಟ್ರೇಲರಿನಲ್ಲಿ ಎಲ್ಲೆಡೆ ನೀರು ಉಳಿಸಬೇಕು, ಕಮೋಡಿನಲ್ಲಿ ಮಾತ್ರ ಕೈಬಿಚ್ಚಿ ಸುರಿಯಬೇಕು. ಜಿಪುಣರಿಗೇ ಪಿರಮಿಡ್ ಕಟ್ಟುವ ಯೋಗ.

ಟ್ಯಾಂಕು ತುಂಬಿತೆಂದು ತಿಳಿಯುವುದು ಹೇಗೆ? ಗೋಡೆಯ ಮೇಲೆ ದೀಪಗಳ ಒಂದು ಫಲಕ ಇರುತ್ತದೆ. ಟ್ಯಾಂಕಿನ ಪಕ್ಕದಲ್ಲಿ ಬೇರೆ ಬೇರೆ ಎತ್ತರಕ್ಕೆ ಚುಚ್ಚಿದ ಲೋಹದ ಮೊಳೆಗಳಿಗೆ ನೀರು ತಾಗಿದಾಗ ಸಣ್ಣ ವಿದ್ಯುತ್ ಹರಿದು ದೀಪ ಹತ್ತುತ್ತದೆ. ಬೂದು ಟ್ಯಾಂಕಿನಲ್ಲಿ ಇದು ಸುಮಾರಾಗಿ ನಿಜ ಹೇಳುತ್ತದೆ. ಕಪ್ಪಿನಲ್ಲಿ ಒದ್ದೆ ಕಾಗದದ ಚೂರೊಂದು ಮೊಳೆಗೆ ಅಂಟಿದರೆ ಸಾಕು, ಖಾಲಿ ಟ್ಯಾಂಕೂ ಮುಕ್ಕಾಲು ತುಂಬಿದೆ ಎನ್ನುತ್ತದೆ. ಪಳಗಿದವರು ದೀಪ ನಂಬುವುದಿಲ್ಲ, ದಿನ ಎಣಿಸುತ್ತಾರೆ. ಕಾಗದದ ಚೂರು ತೂಬಿನ ಗಾಡಿಯಲ್ಲಿ ಸಿಕ್ಕಿಕೊಂಡರೆ ಹಲಗೆ ಪೂರ್ತಿ ಮುಚ್ಚದೆ ಮುಚ್ಚಳದ ಹಿಂದೆ ಗುಟ್ಟಾಗಿ ಜಿನುಗಿ ನಿಂತಿರುತ್ತದೆ. ಅದಕ್ಕೇ ಮುಚ್ಚಳ ತೆಗೆಯುವಾಗ ಎದುರಿಗೆ ನಿಲ್ಲಬಾರದು, ಕೆಳಗೊಂದು ಬಕೆಟ್ ಇಡಬೇಕು.

ವಾಸನೆಗೆ ಅಂಜಿ ಟ್ಯಾಂಕಿಗೆ ಔಷಧ ಸುರಿಯುವವರುಂಟು. ಫಾರ್ಮಾಲ್ಡಿಹೈಡ್ ಇರುವಂಥದನ್ನು ದೂರ ಇಡುವುದೇ ಲೇಸು. ಅದು ಕ್ಯಾಂಪಿನ ಸೆಪ್ಟಿಕ್ ಟ್ಯಾಂಕಿಗೆ ಸೇರಿದರೆ ಅಲ್ಲಿ ಹೊಲಸನ್ನು ಕರಗಿಸುವ ಬ್ಯಾಕ್ಟೀರಿಯಾಗಳೇ ಸಾಯುತ್ತವೆ. ವಾಸನೆಗೆ ಕಾರಣ ಎಷ್ಟೋ ಸಲ ಬೇರೆಯೇ ಇರುತ್ತದೆ. ಸಿಂಕಿನಡಿಯ ಬಾಗಿದ ಪೈಪಿನಲ್ಲಿ ನಿಂತ ನೀರು ಒಣಗಿರುತ್ತದೆ, ಇಲ್ಲವೇ ಗಾಡಿಯ ಕುಲುಕಾಟಕ್ಕೆ ಚೆಲ್ಲಿರುತ್ತದೆ. ತಿಂಗಳುಗಟ್ಟಲೆ ಬೀಗ ಹಾಕಿದ್ದ ನಮ್ಮ ಮನೆಗಳ ಬಚ್ಚಲು ನಾರುವುದೂ ಇದೇ ಕಾರಣಕ್ಕೆ. ಒಂದು ಚೊಂಬು ನೀರು ಸಾಕು.

ತೂಬನ್ನು ತೆರೆಯಬಾರದ ಜಾಗದಲ್ಲಿ ತೆರೆದರೆ ಏನಾಗುತ್ತದೆ ಎಂಬುದಕ್ಕೆ ಷಿಕಾಗೋ ಸಾಕ್ಷಿ. 2004ರ ಆಗಸ್ಟ್ 8ರಂದು, ಡೇವ್ ಮ್ಯಾಥ್ಯೂಸ್ ಬ್ಯಾಂಡ್ ಎಂಬ ಸಂಗೀತ ತಂಡದ ಬಸ್ಸಿನ ಚಾಲಕ ಕಿಂಜಿ ಸ್ಟ್ರೀಟ್ ಸೇತುವೆಯ ಮೇಲೆ ಟ್ಯಾಂಕು ಖಾಲಿ ಮಾಡಿದ. ಸೇತುವೆಯ ನೆಲ ಕಬ್ಬಿಣದ ಜಾಲರಿ. ಸುಮಾರು 360 ಕಿಲೋ ಹೊಲಸು ನೇರ ಕೆಳಗಿಳಿಯಿತು. ಕೆಳಗೆ ನದಿಯಲ್ಲಿ ನಗರದ ಕಟ್ಟಡಗಳ ಸೊಬಗನ್ನು ಕತ್ತೆತ್ತಿ ನೋಡುತ್ತ ದೋಣಿಯ ಪ್ರವಾಸಿಗರು ಕೂತಿದ್ದರು. ಚಾಲಕ ತಪ್ಪೊಪ್ಪಿಕೊಂಡ. 2005ರಲ್ಲಿ ತಂಡ 2 ಲಕ್ಷ ಡಾಲರ್ ತೆತ್ತು ಇಲಿನಾಯ್ ರಾಜ್ಯ ಹೂಡಿದ್ದ ದಾವೆ ಮುಗಿಸಿಕೊಂಡಿತು.

ಈ ಇಡೀ ವ್ಯವಹಾರದಲ್ಲಿ ನನಗೆ ಬಹಳ ಹಿಡಿಸುವುದು ತೂಬಲ್ಲ, ಅದನ್ನು ಎಳೆಯುವ ಕೈ. ಟ್ರೇಲರಿನ ಒಡೆಯ ಡಾಕ್ಟರಾಗಿರಲಿ, ಸಾಫ್ಟ್‌ವೇರ್ ಎಂಜಿನಿಯರಾಗಿರಲಿ, ರಬ್ಬರ್ ಕೈಗವಸು ತೊಟ್ಟು ಮಂಡಿಯೂರಿ ತನ್ನ ಮನೆಯವರದನ್ನು ತಾನೇ ಖಾಲಿ ಮಾಡುತ್ತಾನೆ. ಸರದಿಯಲ್ಲಿ ಹಿಂದೆ ನಿಂತವನೂ ಅದಕ್ಕೇ ಬಂದಿರುವುದರಿಂದ ನಾಚಿಕೆಯ ಪ್ರಶ್ನೆಯಿಲ್ಲ. ಅಲ್ಲಿ ನೆಲೆಸಿದ ನಮ್ಮ ಹುಡುಗರೂ ಮಾಡುತ್ತಾರೆ. ಊರಿನ ಅಜ್ಜನ ಮನೆಯಲ್ಲಿ ಈ ಕೆಲಸಕ್ಕೆ ಹಿತ್ತಿಲ ಬಾಗಿಲಿಂದ ಯಾರು ಬರುತ್ತಿದ್ದರು, ಅವರಿಗೆ ನೀರನ್ನು ಹೇಗೆ ಕೊಡುತ್ತಿದ್ದರು ಎಂಬುದು ಚಿತ್ರ ತೋರಿಸುವ ಹಿರಿಯರಿಗೆ ನೆನಪಿರುತ್ತದೆ. ನಮ್ಮ ರೈಲುಗಳು ಹಳಿಯ ಮೇಲೇ ಬಿಡುತ್ತಿದ್ದುದನ್ನು ಗುಡಿಸುತ್ತಿದ್ದವರೂ ಅವರದೇ ಬಳಗ. ಬೋಗಿಗಳಡಿ ಜೈವಿಕ ಶೌಚಾಲಯದ ಟ್ಯಾಂಕು ಬರಲಾರಂಭಿಸಿದ್ದು 2011ರಲ್ಲಿ; ಕೈಯಿಂದ ಮಲ ಬಳಿಯುವುದನ್ನು ನಿಷೇಧಿಸುವ ಈಗಿನ ಕಾಯ್ದೆ ಬಂದದ್ದು 2013ರಲ್ಲಿ.

ಈಗ ಕ್ಯಾರವಾನ್ ಪ್ರವಾಸ ನಮ್ಮಲ್ಲಿಗೂ ಬಂದಿದೆ. ಕೇರಳ 2021ರಲ್ಲಿ ಅದಕ್ಕೆಂದೇ ನೀತಿ ಮಾಡಿತು. ಬೆಂಗಳೂರಿನಲ್ಲೂ ಬಾಡಿಗೆಗೆ ಸಿಗುತ್ತವೆ. ಜಾಹೀರಾತಿನಲ್ಲಿ ಹಾಸಿಗೆ, ಏಸಿ, ಕಾಫಿ ಮೆಷಿನ್ ಎಲ್ಲ ಇರುತ್ತದೆ. ಬುಕ್ ಮಾಡುವ ಮೊದಲು ಎರಡು ಪ್ರಶ್ನೆ ಕೇಳಿ: ಕೊಳೆ ಟ್ಯಾಂಕು ಎಷ್ಟು ಲೀಟರಿನದು, ಅದನ್ನು ಖಾಲಿ ಮಾಡುವುದು ಎಲ್ಲಿ? ‘ಅದೆಲ್ಲಾ ಡ್ರೈವರ್ ನೋಡ್ಕೋತಾನೆ ಸಾರ್’ ಎಂಬ ಉತ್ತರ ಬಂದರೆ, ಡ್ರೈವರನ್ನೇ ಒಮ್ಮೆ ಪಕ್ಕಕ್ಕೆ ಕರೆದು ಕೇಳಬೇಕು.