ತೆರೆಯ ಮೇಲಿನ ಗುಂಡು, ತೆರೆಯ ಈಚಿನ ಗುಂಡು

ಲಕ್ಷ್ಮೇಶ್ವರದಿಂದ ಪಡುವಣಕ್ಕೆ ಹೊರಟು ಜಿಲ್ಲೆಯ ಗಡಿ ದಾಟಿದವರಿಗೆ ಶಿಗ್ಗಾಂವಿ ದೂರವಲ್ಲ. 2022ರ ಏಪ್ರಿಲ್ ತಿಂಗಳಲ್ಲಿ ಆ ಊರಿನ ಚಿತ್ರಮಂದಿರವೊಂದರಲ್ಲಿ 'ಕೆ.ಜಿ.ಎಫ್.' ಚಿತ್ರದ ಎರಡನೆಯ ಭಾಗ ನಡೆಯುತ್ತಿತ್ತು. ಚಿತ್ರ ಬಿಡುಗಡೆಯಾದದ್ದು ಆ ತಿಂಗಳ 14ರಂದು. ಇನ್ನೂ ವಾರ ತುಂಬಿರಲಿಲ್ಲ. ಪೊಲೀಸರು ಹೇಳಿದಂತೆ ಅಲ್ಲಿ ನಡೆದುದಿಷ್ಟು: ಗೆಳೆಯರೊಡನೆ ಬಂದಿದ್ದ ತರುಣನೊಬ್ಬ ಮುಂದಿನ ಆಸನದ ಮೇಲೆ ಕಾಲು ಚಾಚಿದ. ಅಲ್ಲಿ ಕುಳಿತಿದ್ದವನಿಗೆ ಅದು ಸಹನೆಯಾಗಲಿಲ್ಲ. ಮಾತಿಗೆ ಮಾತು ಬೆಳೆಯಿತು. ಇಷ್ಟರವರೆಗಿನದು ಯಾವ ಊರಿನ ಯಾವ ಚಿತ್ರಮಂದಿರದಲ್ಲಿಯೂ ನಡೆಯಬಹುದಾದ ಸಂಗತಿಯೇ. ಆದರೆ ಮುಂದಿನವನು ಎದ್ದು ಹೊರಗೆ ಹೋದ, ಸ್ವಲ್ಪ ಹೊತ್ತಿನ ಮೇಲೆ ಪಿಸ್ತೂಲು ಹಿಡಿದು ಮರಳಿ ಬಂದ, ಗುಂಡು ಹಾರಿಸಿದ. ತೆರೆಯ ಮೇಲೆ ಎಡೆಬಿಡದೆ ಗುಂಡು ಸಿಡಿಯುತ್ತಿರುವ ಚಿತ್ರದಲ್ಲಿ ನಿಜವಾದ ಸಪ್ಪಳ ಯಾವುದೆಂದು ತಿಳಿಯಲು ಪ್ರೇಕ್ಷಕರಿಗೆ ಕ್ಷಣಕಾಲ ಬೇಕಾಗಿದ್ದರೆ ಆಶ್ಚರ್ಯವಿಲ್ಲ. ಗಾಯಗೊಂಡ ತರುಣನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಸಾಗಿಸಿದರು. ಆರೋಪಿ ಸಿಕ್ಕಿದ್ದು ಸುಮಾರು ಒಂದು ತಿಂಗಳ ಅನಂತರ.

ಇಂಥ ಸುದ್ದಿ ಬಂದಾಗಲೆಲ್ಲ ಗದಗ-ಬೆಟಗೇರಿಯ ಚಹದಂಗಡಿಯಲ್ಲಾಗಲಿ ಮುಂಡರಗಿಯ ಬಸ್ ನಿಲ್ದಾಣದಲ್ಲಾಗಲಿ ಹೊರಡುವ ತೀರ್ಪು ಒಂದೇ: "ಸಿನೇಮಾ ಕೆಡಿಸೈತ್ರಿ ಹುಡುಗರನ್ನ." ತೀರ್ಪು ಅಷ್ಟು ಸುಲಭವಲ್ಲ. ಅಷ್ಟು ಬೇಗ ಕೈಗೆ ಬರಬೇಕಾದರೆ ಪಿಸ್ತೂಲು ಚಿತ್ರಕ್ಕಿಂತ ಮುಂಚೆಯೇ ಎಲ್ಲಿಯೋ ಸಿದ್ಧವಾಗಿರಬೇಕು. ಕಾಲು ತಾಗಿದರೆ ಮಾನ ಹೋಯಿತೆಂಬ ಭಾವನೆಯನ್ನು ಯಾವ ನಿರ್ದೇಶಕನೂ ನಮಗೆ ಕಲಿಸಬೇಕಾಗಿಲ್ಲ. ಅದು ತಲೆತಲಾಂತರದ ಆಸ್ತಿ. ಅಂದು ಅಲ್ಲಿ ಭಕ್ತಿಪ್ರಧಾನ ಚಿತ್ರ ನಡೆಯುತ್ತಿದ್ದರೆ ಗುಂಡು ಹಾರುತ್ತಿರಲಿಲ್ಲವೆಂದು ಪ್ರಮಾಣ ಮಾಡಿ ಹೇಳುವವರಾರು?

ಅದೇ ವರ್ಷ ಮಧ್ಯಪ್ರದೇಶದ ಸಾಗರದಲ್ಲಿ ನಡೆದ ಸಂಗತಿಯ ಬಗೆ ಬೇರೆ. ಹದಿಹರೆಯ ದಾಟುತ್ತಿದ್ದ ಹುಡುಗನೊಬ್ಬ ಸಾಗರ ಮತ್ತು ಭೋಪಾಲಗಳಲ್ಲಿ ನಾಲ್ವರು ರಾತ್ರಿ ಕಾವಲುಗಾರರನ್ನು ಕೊಂದನೆಂಬ ಆರೋಪದ ಮೇಲೆ ಸೆಪ್ಟೆಂಬರ್ ಮೊದಲಲ್ಲಿ ಸೆರೆಸಿಕ್ಕ. ಇದೇ ಚಿತ್ರದ ನಾಯಕ ರಾಕಿಯಂತೆ ತಾನೂ ಹೆಸರಾಗಬೇಕೆಂದು ಹೀಗೆ ಮಾಡಿದುದಾಗಿ ಅವನೇ ಹೇಳಿದನೆಂದು ಪೊಲೀಸರು ತಿಳಿಸಿದರು. ಇಲ್ಲಿ ಚಿತ್ರದ ಹೆಸರು ಹೇಳಿದವರು ಚಹದಂಗಡಿಯವರಲ್ಲ. ಆದರೂ ಒಂದು ಮಾತನ್ನು ಗಮನಿಸಬೇಕು. ತೆರೆಯ ರಾಕಿ ಬಡಿದಾಡುವುದು ತನಗಿಂತ ಬಲಿಷ್ಠರೊಡನೆ. ಈ ಹುಡುಗನ ಕೈಗೆ ಸಿಕ್ಕವರು ಹೊಟ್ಟೆಪಾಡಿಗಾಗಿ ಇರುಳು ಕಾಯುತ್ತಿದ್ದ ಬಡವರು. ಇಡೀ ಚಿತ್ರದಿಂದ ಅವನು ಆರಿಸಿಕೊಂಡದ್ದು ಹೆಸರಿನ ಹಂಬಲವೊಂದನ್ನೇ.

ನೋಡಿದವರು ಏನನ್ನು ಆರಿಸಿಕೊಳ್ಳುತ್ತಾರೆಂಬುದನ್ನು ಪರೀಕ್ಷಿಸಿ ನೋಡಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ. ಅವರೂ ಅವರ ಸಹೋದ್ಯೋಗಿಗಳೂ 1961ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 72 ಮಂದಿ ಶಿಶುವಿಹಾರದ ಮಕ್ಕಳಿದ್ದರು. ಹೊಡೆದರೆ ಬಾಗಿ ಮತ್ತೆ ಎದ್ದು ನಿಲ್ಲುವ ಗಾಳಿ ತುಂಬಿದ ಗೊಂಬೆಯೊಂದನ್ನು ದೊಡ್ಡವರೊಬ್ಬರು ಸುತ್ತಿಗೆಯಿಂದ ಬಡಿಯುವುದನ್ನೂ ಅದರ ಮೇಲೆ ಕುಳಿತು ಮೂಗಿಗೆ ಗುದ್ದುವುದನ್ನೂ ಕೆಲವರಿಗೆ ತೋರಿಸಲಾಯಿತು. ನೋಡಿದ ಮಕ್ಕಳಲ್ಲಿ ಅನೇಕರು ಅದನ್ನೇ, ಅದೇ ಮಾತುಗಳೊಡನೆ, ಮಾಡಿ ತೋರಿಸಿದರು. 1963ರಲ್ಲಿ ಅದನ್ನೇ ಚಲಚ್ಚಿತ್ರವಾಗಿ ತೋರಿಸಿದಾಗಲೂ ಫಲ ಹೆಚ್ಚು ಭಿನ್ನವಾಗಲಿಲ್ಲ. ಆದರೆ ಹೆಚ್ಚು ಯೋಚಿಸಬೇಕಾದದ್ದು 1965ರ ಪ್ರಯೋಗ. ಹೊಡೆದವನಿಗೆ ಶಿಕ್ಷೆಯಾದುದನ್ನು ಚಿತ್ರದಲ್ಲಿ ಕಂಡ ಮಕ್ಕಳು ಅನುಕರಿಸಿದ್ದು ಕಡಮೆ. ಕಂಡದ್ದನ್ನು ಮಾಡಿ ತೋರಿಸಿದರೆ ಬಹುಮಾನವೆಂದು ಆಸೆ ಹುಟ್ಟಿಸಿದೊಡನೆ ಅವರೂ ಉಳಿದವರಷ್ಟೇ ಚೆನ್ನಾಗಿ ಮಾಡಿ ತೋರಿಸಿದರು! ಕಲಿತದ್ದು ಒಳಗೇ ಇತ್ತು. ಹೊರಗೆ ಬರಲು ಅಪ್ಪಣೆಗಾಗಿ ಕಾದಿತ್ತು.

ಗೊಂಬೆಯನ್ನು ಬಡಿಯುವುದು ಮನುಷ್ಯನನ್ನು ಕೊಲ್ಲುವುದಲ್ಲ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ವಿಡಿಯೋ ಆಟಗಳ ವಿಷಯದಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಘ 2020ರಲ್ಲಿ ಹೇಳಿದ್ದೂ ಅದನ್ನೇ: ಕೂಗಾಟ ನೂಕಾಟಗಳಂಥ ಸಣ್ಣ ಆಕ್ರಮಣಶೀಲತೆಗೂ ಆಟಗಳಿಗೂ ಅಲ್ಪ ಸಂಬಂಧವುಂಟು, ಕೊಲೆಯಂಥ ಹಿಂಸೆಯನ್ನು ಅವುಗಳ ತಲೆಗೆ ಕಟ್ಟಲು ಸಾಕಷ್ಟು ಆಧಾರವಿಲ್ಲ.

ಹಿಂಸೆಯ ಕಥೆಯೇ ಮನುಷ್ಯನನ್ನು ಕೆಡಿಸುವುದಾಗಿದ್ದರೆ ಗದಗ ಸೀಮೆ ಎಂದೋ ಕೆಟ್ಟುಹೋಗಬೇಕಿತ್ತು. ಪಂಪ ತನ್ನ ಭಾರತವನ್ನು ಬರೆದದ್ದು ಪುಲಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ, ತಿರುಳ್ಗನ್ನಡದಲ್ಲಿ. ಕುಮಾರವ್ಯಾಸ ತನ್ನ ಭಾರತವನ್ನು ಅರ್ಪಿಸಿದ್ದು ಗದುಗಿನ ವೀರನಾರಾಯಣನಿಗೆ. ದುಶ್ಶಾಸನನ ಎದೆ ಬಗೆದ ಭೀಮನನ್ನು ಈ ನಾಡು ಶತಮಾನಗಳಿಂದ ಕೇಳುತ್ತ ಬಂದಿದೆ. ಮಳೆ ತಡವಾದರೆ ಊರವರು ಓದಿಸುತ್ತಿದ್ದ ವಿರಾಟಪರ್ವದಲ್ಲಿಯೇ ಕೀಚಕನನ್ನು ಮುದ್ದೆ ಮಾಡುವ ಪ್ರಸಂಗವಿದೆ. ಮಳೆರಾಯನಿಗೂ ಅದರಿಂದ ಬೇಸರವಾದಂತಿಲ್ಲ. ಗರೂಡ ಸದಾಶಿವರಾಯರ ಗದುಗಿನ ಮಂಡಳಿ, ಶಿರಹಟ್ಟಿ ವೆಂಕೋಬರಾಯರ ಮಂಡಳಿ ಮೆರೆದ ಕಾಲದ ರಂಗಭೂಮಿಯಲ್ಲಿ ಕತ್ತಿಗೇನೂ ಬರವಿರಲಿಲ್ಲ. ಆದರೆ ಪ್ರೇಕ್ಷಕರು 'ಒನ್ಸ್ ಮೋರ್' ಎಂದು ಕೂಗಿದರೆ ಸತ್ತು ಬಿದ್ದವನೂ ಎದ್ದು ಕುಳಿತು ಮತ್ತೊಮ್ಮೆ ಹಾಡುತ್ತಿದ್ದನೆಂದು ಕಂಪನಿ ನಾಟಕಗಳ ಬಗೆಗೆ ಹಿರಿಯರು ನಗುತ್ತ ಹೇಳುವುದುಂಟು. ಅದು ಆಟವೆಂಬುದು ಯಾರಿಗೂ ಮರೆಯುತ್ತಿರಲಿಲ್ಲ. ಭಾರತವಾಚನದಲ್ಲಾದರೋ ಗಮಕಿಯ ಪಕ್ಕದಲ್ಲಿ ವ್ಯಾಖ್ಯಾನಕಾರನೊಬ್ಬ ಇರುತ್ತಿದ್ದ. ಭೀಮನ ರೋಷ ಎಲ್ಲಿಂದ ಬಂತು, ಅದಕ್ಕೆ ಅವನು ತೆತ್ತದ್ದೇನು ಎಂಬುದನ್ನು ಅವನು ಪದ್ಯ ನಿಲ್ಲಿಸಿ ಬಿಡಿಸಿ ಹೇಳುತ್ತಿದ್ದ. ವ್ಯಾಸಭಾರತವಂತೂ ಯುದ್ಧ ಮುಗಿಸಿದ ಮೇಲೆ ವಿಧವೆಯರ ಅಳಲಿಗಾಗಿಯೇ ಒಂದು ಸ್ತ್ರೀಪರ್ವವನ್ನು ಇಟ್ಟಿದೆ.

ಚಿತ್ರಮಂದಿರದಲ್ಲಿ ಆ ವ್ಯಾಖ್ಯಾನಕಾರನ ಪೀಠ ಬರಿದಾಗಿದೆ. ಕಾಯಿದೆ ಅದನ್ನು ತಂದೆತಾಯಿಗಳಿಗೆ ವಹಿಸಿದೆಯೆಂಬುದು ಅನೇಕರಿಗೆ ತಿಳಿದಂತಿಲ್ಲ. 'ಕೆ.ಜಿ.ಎಫ್.' ಎರಡನೆಯ ಭಾಗಕ್ಕೆ ದೊರೆತದ್ದು 'ಯು/ಎ' ಪ್ರಮಾಣಪತ್ರ. ಹನ್ನೆರಡು ತುಂಬದ ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬೇಕೆಂಬುದು ಅದರ ಅರ್ಥ. 2023ರ ತಿದ್ದುಪಡಿಯಿಂದ ಈ ವರ್ಗ ಏಳು, ಹದಿಮೂರು, ಹದಿನಾರು ವರ್ಷಗಳೆಂದು ಮೂರಾಗಿ ಒಡೆದಿದೆ. ಮಾರ್ಗದರ್ಶನವೆಂದರೆ ಟಿಕೀಟು ಕೊಳ್ಳುವುದೆಂದೇ ಹಲವರು ತಿಳಿದಿದ್ದಾರೆ. ಆರು ವರ್ಷದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ತೆರೆಯ ಮೇಲೆ ಹತ್ತು ಮಂದಿ ಉರುಳಿದಾಗ ಸಿಳ್ಳು ಹಾಕುವ ತಂದೆಯನ್ನು ಯಾವ ಊರಿನಲ್ಲಿ ಕಾಣಲಾರೆವು? ಬಹುಮಾನದ ಆಸೆಯನ್ನು ಅಲ್ಲಿ ಬೇರೆಯಾಗಿ ಹುಟ್ಟಿಸಬೇಕಾಗಿಲ್ಲ.

ಮಕ್ಕಳು ಮಾತ್ರ ವ್ಯಾಖ್ಯಾನವನ್ನು ಕೇಳದೆ ಬಿಡುವುದಿಲ್ಲ.

"ಅಪ್ಪಾ, ಅಂವಾ ಸತ್ತನೇನು? ಅಂವಗ ಮನಿ ಇಲ್ಲೇನು?"

"ಸುಮ್ಮನ ಕುಂದರು. ಹೀರೊ ಬರ್ತಾನೀಗ."