ನಮ್ಮ ಹೆಣ್ಣುಮಕ್ಕಳ ಗರ್ಭಕೋಶ ತಳ ಕೆರೆಯೋ ಪಾತ್ರೆ ಅಲ್ಲ

ಮಲ್ಲೇಶ್ವರ, ಬಸವನಗುಡಿಯಲ್ಲಿ ಒಂದು ರೌಂಡ್ ಹಾಕಿ. ಬಂಜೆತನ ಚಿಕಿತ್ಸೆಯ ಬೋರ್ಡುಗಳು ಕಾಣ್ತವೆ. ದುಡ್ಡು ಕಟ್ಟೋ ಹೆಣ್ಣಿಗೆ ಗರ್ಭಕೋಶದೊಳಗೆ ಕ್ಯಾಮೆರಾ ಬಿಟ್ಟು, ಒಳಪದರಕ್ಕೆ ಏಟಾಗದ ಹಾಗೆ ಜೋಪಾನ ಮಾಡ್ತಾರೆ. ಅದೇ ಬೀದಿ ಗುಡಿಸೋ ನಮ್ಮ ಪೌರಕಾರ್ಮಿಕ ಅಕ್ಕನಿಗೆ ಅಬಾರ್ಷನ್ ಆದ್ರೆ? "ಕ್ಲೀನ್ ಮಾಡಿ ಕಳಿಸಿ." ಅಷ್ಟೇ.

ಈ 'ಕ್ಲೀನ್' ಅಂದ್ರೆ ಎಷ್ಟೋ ಕಡೆ ಇವತ್ತಿಗೂ ಡಿ ಅಂಡ್ ಸಿ. ಚೂಪು ಅಂಚಿನ ಲೋಹದ ಸಲಕರಣೆಯಲ್ಲಿ ಒಳಗೋಡೆ ಕೆರೆಯೋದು. ಆಳಕ್ಕೆ ಕೆರೆದರೆ, ತಿಂಗಳು ತಿಂಗಳು ಹೊಸ ಪದರ ಬೆಳೆಸೋ ಬುಡವೇ ಕಿತ್ತುಹೋಗುತ್ತೆ. ಹಸಿಗಾಯಕ್ಕೆ ಹಸಿಗಾಯ ತಾಗಿ ಗೋಡೆಗಳು ಅಂಟಿಕೊಳ್ತವೆ. ಮುಟ್ಟು ಕಮ್ಮಿಯಾಗುತ್ತೆ, ಇಲ್ಲ ನಿಂತೇಹೋಗುತ್ತೆ. ಕೆಲವರಿಗೆ ನೋವು ಬರುತ್ತೆ, ರಕ್ತ ಬರಲ್ಲ. ಬಸಿರು ನಿಲ್ಲೋದು ಕಷ್ಟವಾಗುತ್ತೆ. ಆಮೇಲೆ ಊರೆಲ್ಲ ಅವಳನ್ನೇ 'ಬಂಜೆ' ಅನ್ನುತ್ತೆ. ಕೆರೆದ ಕೈಯನ್ನು ಯಾರೂ ಕೇಳಲ್ಲ.

ಇದು ಹೊಸ ವಿಷಯವೇನಲ್ಲ. ಜೋಸೆಫ್ ಆಶರ್‌ಮನ್ ಅನ್ನೋ ಡಾಕ್ಟರು 1948ರಲ್ಲೇ ವಿವರವಾಗಿ ಬರೆದರು. ಕಾಯಿಲೆಗೆ ಅವರದೇ ಹೆಸರು.

ತಡೆಯೋ ದಾರಿಯೂ ಗೊತ್ತು. ಮಾತ್ರೆಯಲ್ಲಿ ಆಗೋದಾದ್ರೆ ಮಾತ್ರೆ. ಇಲ್ಲಾಂದ್ರೆ ಸಕ್ಷನ್. ಕೈಯಲ್ಲೇ ಎಳೆಯೋ ಪ್ಲಾಸ್ಟಿಕ್ ಸಿರಿಂಜ್ ಇದೆ, ಅದಕ್ಕೆ ಕರೆಂಟೂ ಬೇಡ. ಚೂಪಾಗಿ ಕೆರೆಯೋದು ಹಳೇ ಪದ್ಧತಿ, ಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2012ರ ಮಾರ್ಗಸೂಚಿಯಲ್ಲೇ ಹೇಳಿದೆ. ಗರ್ಭಕೋಶದ ಒಳಗಿನ ಗಡ್ಡೆ, ಪಾಲಿಪ್ ತೆಗೆಯೋದಾದ್ರೆ ಹಿಸ್ಟರೋಸ್ಕೋಪ್ ಹಾಕಿ ಕಣ್ಣಾರೆ ನೋಡಿ ತೆಗೀಬಹುದು. ಗೋಡೆಗಳು ಅಂಟದಂತೆ ಜೆಲ್ಲೋ ಬಲೂನೋ ಇಡ್ತಾರೆ. ನಮ್ಮ ದೇಶದಲ್ಲಿ ಇನ್ನೊಂದು ದೊಡ್ಡ ಕಾರಣ ಗರ್ಭಕೋಶದ ಟಿಬಿ. ಗಾಳಿಯಾಡದ ಮನೆ, ಅರೆಹೊಟ್ಟೆ ಇರೋ ಕಡೆಯೇ ಟಿಬಿ ಜಾಸ್ತಿ. ಅದು ಯಾವ ಕೇರಿ ಅಂತ ನಾನು ಹೇಳ್ಬೇಕಾ?

"ಡಾಕ್ಟರಿಗೆ ಜಾತಿ ಇಲ್ಲ, ರಶ್ ಜಾಸ್ತಿ" ಅಂತೀರಾ? ರಶ್ ನಿಜ. ಚಾಮರಾಜಪೇಟೆ ಮಗ್ಗುಲಿನ ವಾಣಿವಿಲಾಸ 1935ರಿಂದ ಬಡವರ ಹೆರಿಗೆ ಮಾಡಿಸ್ತಿದೆ, ಅಲ್ಲಿ ದುಡಿಯೋರ ಮೇಲೆ ನನಗೆ ಜಗಳವಿಲ್ಲ. ಆದ್ರೆ "ಇವಳಿಗೆ ಹೇಗೂ ಎರಡು ಮಕ್ಕಳಿವೆ" ಅನ್ನೋ ಮಾತಿದೆಯಲ್ಲ, ಅದು ರಶ್‌ನಿಂದ ಬಂದಿದ್ದಲ್ಲ. ಬಡ ಹೆಣ್ಣಿನ ಗರ್ಭಕೋಶ ಹೆತ್ತ ಮೇಲೆ ಕಸ ಅನ್ನೋ ಲೆಕ್ಕ ಅದು. ಕಲಬುರಗಿಯಲ್ಲಿ ಅದೇ ಲೆಕ್ಕ ನಡೀತು. ಲಂಬಾಣಿ, ದಲಿತ ಹೆಣ್ಣುಮಕ್ಕಳ ಗರ್ಭಕೋಶವನ್ನೇ ಕಿತ್ತು ಹಾಕಿದ್ದು 2015ರಲ್ಲಿ ಬಯಲಾಯ್ತು, 2,000ಕ್ಕೂ ಹೆಚ್ಚು ಜನರದ್ದು. ಅನಗತ್ಯ ಗರ್ಭಕೋಶ ಆಪರೇಷನ್ ತಡೆಯೋ ಮಾರ್ಗಸೂಚಿ ಜಾರಿ ಮಾಡಿ ಅಂತ ರಾಜ್ಯಗಳಿಗೆ ಹೇಳೋಕೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯ್ತು. ಕಿತ್ತಿದ್ದು ಲೆಕ್ಕಕ್ಕಾದರೂ ಸಿಕ್ಕಿತು. ಕೆರೆದು ಹಾಳು ಮಾಡಿದ್ದನ್ನು ಎಣಿಸೋರು ಯಾರು?

ಸರ್ಕಾರಕ್ಕೆ ನಮ್ಮ ಹಕ್ಕೊತ್ತಾಯ ಇಷ್ಟೇ. ಪ್ರತಿ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಸಕ್ಷನ್ ಕಿಟ್, ಟ್ರೈನಿಂಗ್ ಆದ ಸಿಬ್ಬಂದಿ ಇರಲಿ. ಏನು ಮಾಡಿದರು, ಹೇಗೆ ಮಾಡಿದರು ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲಿ ಬರೀಲಿ. "ಮುಟ್ಟು ಸರಿಯಾಗಿ ಬಂತಾ" ಅಂತ ಕೇಳೋಕೆ ಮತ್ತೆ ಕರೀಲಿ. ಬರದಿದ್ದರೆ ಹಿಸ್ಟರೋಸ್ಕೋಪಿ ಪುಕ್ಕಟೆ ಆಗ್ಲಿ.

ಅಕ್ಕಂದಿರೇ, ನೀವೂ ಬಾಯಿಬಿಟ್ಟು ಕೇಳಿ: "ಮಾತ್ರೆಯಲ್ಲಿ ಆಗಲ್ವಾ? ಸಕ್ಷನ್ನಾ, ಕೆರೀತೀರಾ?" ಆಮೇಲೆ ಮುಟ್ಟು ನಿಂತರೆ, ಕಮ್ಮಿಯಾದರೆ, ದೇವರಿಗೆ ಹರಕೆ ಹೊರೋ ಮೊದಲು ಆಸ್ಪತ್ರೆಗೆ ಹೋಗಿ.

ಕೂಲಿ ಹೆಣ್ಣಿನ ಹೆರಿಗೆ ಅವಳೊಬ್ಬಳ ಪಾಡಲ್ಲ, ದೇಶದ ಹೊಣೆ ಅಂತ ಬಾಬಾಸಾಹೇಬರು 1928ರಲ್ಲೇ ಮುಂಬೈ ವಿಧಾನ ಪರಿಷತ್ತಿನಲ್ಲಿ ವಾದಿಸಿದ್ದರು. ಆ ಹೊಣೆ ಹೆರಿಗೆ ವಾರ್ಡಿನ ಬಾಗಿಲಲ್ಲೇ ಮುಗಿಯಲ್ಲ.

ಜೈ ಭೀಮ್.